ಚಿಗರಿ ಮೈ ಹಿಡಿದಿದೆಯೋ, ಸೊರಗಿದೆಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರಾಣೆಬೆನ್ನೂರು ತಾಲ್ಲೂಕಿನ ರೈತರ ಮನೆಯವನು. ಕೃಷ್ಣಮೃಗ ಅಭಯಾರಣ್ಯ ನಮ್ಮ ಹೊಲದಿಂದ ಸೈಕಲ್ ದಾರಿ. ಕೆಲವು ವರ್ಷಗಳಿಂದ ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಹೋಗಿ ಚಿಗರಿಗಳ ಮೈಕಟ್ಟು, ಅಂದರೆ ಮೈಯಲ್ಲಿ ಕೊಬ್ಬು ಎಷ್ಟಿದೆ ಅಂತ, ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಊರವರು, ಹುಬ್ಬಳ್ಳಿ-ಧಾರವಾಡದಿಂದ ಕ್ಯಾಮೆರಾ ಹಿಡಿದು ಬರುವವರು, ಕಾಲೇಜು ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಚಿಗರಿ ಅಂದರೆ ಜಿಂಕೆಯೇ ಅಲ್ವಾ?

ಮಾತಿನಲ್ಲಿ ಎಲ್ಲವೂ ಜಿಂಕೆಯೇ. ಆದರೆ ಚಿಗರಿ, ಅಂದರೆ ಕೃಷ್ಣಮೃಗ, ಹುಲ್ಲೆಯ ಜಾತಿಗೆ ಸೇರಿದ್ದು. ಅದರ ಕೋಡು ದನದ ಕೋಡಿನ ಹಾಗೆ, ಒಮ್ಮೆ ಬಂದರೆ ಸಾಯುವ ತನಕ ಇರುತ್ತದೆ. ಚುಕ್ಕೆ ಜಿಂಕೆ, ಕಡವೆಗಳು ನಿಜವಾದ ಜಿಂಕೆಗಳು, ಅವುಗಳ ಗಂಡಿನ ಕವಲುಗೊಂಬು ಉದುರಿ ಮತ್ತೆ ಬೆಳೆಯುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗೆ ಹೆಸರು ಬಂದದ್ದು ನಮ್ಮ ಈ ಪ್ರಾಣಿಯಿಂದಲೇ.

ಕೊಬ್ಬಿನ ವಿಷಯಕ್ಕೆ ಬಂದರೆ ಈ ವ್ಯತ್ಯಾಸ ದೊಡ್ಡದಲ್ಲ. ಎರಡೂ ಮೆಲುಕು ಹಾಕುವ ಪ್ರಾಣಿಗಳು. ನೆಣ ಕೂಡಿಡುವ ಜಾಗ, ಅದನ್ನು ಕರಗಿಸುವ ಕ್ರಮ ಹೆಚ್ಚುಕಡಿಮೆ ಒಂದೇ. ಅಳೆಯುವ ವಿಧಾನಗಳು ಬಹುಪಾಲು ಹೊರದೇಶದ ಜಿಂಕೆಗಳ ಮೇಲೆ ಹುಟ್ಟಿದವು, ಹಾಗಾಗಿ ಅಲ್ಲಿನ ಅಂಕಿಗಳನ್ನು ಹಾಗೇ ತಂದು ಚಿಗರಿಗೆ ಅಂಟಿಸಬಾರದು. ಚಳಿಗಾಲದ ಹಿಮಕ್ಕೆ ಹೆದರಿ ನೆಣ ತುಂಬಿಕೊಳ್ಳುವ ಜಿಂಕೆಗೂ, ನಮ್ಮ ಬಿಸಿಲು ನಾಡಿನಲ್ಲಿ ಹಗುರ ಮೈಯಲ್ಲಿ ಓಡಿ ಬದುಕುವ ಚಿಗರಿಗೂ ಅಳತೆ ಒಂದೇ ಆಗುವುದಿಲ್ಲ.

ಎಷ್ಟಿವೆ ಅಂತ ಎಣಿಸಿದರೆ ಸಾಲದಾ? ಮೈ ಯಾಕೆ ನೋಡಬೇಕು?

ಸಾಲದು. ಸಂಖ್ಯೆ ಇಳಿಯುವುದು ಕೊನೆಗೆ. ಅದಕ್ಕೂ ಮುಂಚೆ ಹೆಣ್ಣುಗಳ ಮೈ ಇಳಿಯುತ್ತದೆ. ಸೊರಗಿದ ಹೆಣ್ಣು ತಡವಾಗಿ ಬೆದೆಗೆ ಬರುತ್ತದೆ, ಮರಿ ಸಣ್ಣದಾಗಿ ಹುಟ್ಟುತ್ತದೆ, ಹಾಲು ಸಾಲುವುದಿಲ್ಲ, ಮೊದಲು ಸಾಯುವುದು ಮರಿ. ದೊಡ್ಡವು ಇನ್ನೂ ಓಡಾಡಿಕೊಂಡೇ ಇರುವುದರಿಂದ ಎಣಿಕೆಯಲ್ಲಿ ಎಲ್ಲ ಸರಿ ಕಾಣುತ್ತದೆ. ಒಂದೆರಡು ವರ್ಷ ಕಳೆದ ಮೇಲೆ ‘ಅರೆ, ಕಡಿಮೆ ಆಗಿವೆಯಲ್ಲ’ ಅನ್ನುವ ಹೊತ್ತಿಗೆ ಕಾರಣ ಹಿಂದೆ ಬಿದ್ದಿರುತ್ತದೆ.

ನಮ್ಮ ಅಭಯಾರಣ್ಯ ಘೋಷಣೆಯಾಗಿದ್ದು 1974ರಲ್ಲಿ. ವಿಸ್ತೀರ್ಣ 119 ಚದರ ಕಿಲೋಮೀಟರ್. ಕೇಳಲು ದೊಡ್ಡದು, ಆದರೆ ಒಳಗೆ ನೀಲಗಿರಿ ನೆಡುತೋಪು ಬಹಳ. ಚಿಗರಿ ಬಯಲಿನ ಪ್ರಾಣಿ, ಹುಲ್ಲು ತಿನ್ನುವ ಪ್ರಾಣಿ. ನೀಲಗಿರಿಯ ಕೆಳಗೆ ಹುಲ್ಲು ಎಷ್ಟು ಬರುತ್ತದೆ ಅಂತ ನೀವೇ ಹೋಗಿ ನೋಡಿ. ಜಾಗ ಇದೆ ಅಂದ ಮಾತ್ರಕ್ಕೆ ಮೇವು ಇದೆ ಅಂತ ಅಲ್ಲ, ಅದಕ್ಕೇ ನಾನು ನಕಾಶೆಗಿಂತ ಪ್ರಾಣಿಯ ಚಪ್ಪೆಯನ್ನು, ಅಂದರೆ ಸೊಂಟದ ಹಿಂಭಾಗವನ್ನು, ಜಾಸ್ತಿ ನಂಬುತ್ತೇನೆ.

ಕೊಬ್ಬು ಮೈಯಲ್ಲಿ ಎಲ್ಲೆಲ್ಲಿ ಇರುತ್ತದೆ? ಯಾವುದು ಮೊದಲು ಕರಗುತ್ತದೆ?

ಇದೊಂದು ತಿಳಿದರೆ ಉಳಿದದ್ದೆಲ್ಲ ಸುಲಭ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಹಿಂದೆ ನಮ್ಮ ಕಡೆ ಜೋಳ ಇಡುತ್ತಿದ್ದ ರೀತಿ ನೆನಪಿಸಿಕೊಳ್ಳಿ. ದಿನದ ಖರ್ಚಿಗೆ ಪಡಸಾಲೆಯಲ್ಲಿ ಚೀಲ. ಒಳಗೆ ಕಣಜ. ಅದೂ ಮುಗಿದರೆ ನೆಲದೊಳಗಿನ ಹಗೇವು. ಇವೆಲ್ಲದರ ಆಚೆ, ಮುಂದಿನ ಬಿತ್ತನೆಗೆ ಅಂತ ಕಟ್ಟಿಟ್ಟ ಬೀಜ. ಪ್ರಾಣಿಯ ಮೈಯೂ ಹಾಗೇ. ಚರ್ಮದ ಕೆಳಗೆ, ಅದರಲ್ಲೂ ಚಪ್ಪೆ ಮತ್ತು ಬಾಲದ ಬುಡದ ಸುತ್ತ ಇರುವ ನೆಣ ಪಡಸಾಲೆಯ ಚೀಲ. ಮೇವು ಕಡಿಮೆಯಾದರೆ ಮೊದಲು ಖಾಲಿಯಾಗುವುದು ಇದು. ಆಮೇಲೆ ಹೊಟ್ಟೆಯೊಳಗೆ ಕರುಳಿನ ಪೊರೆಯಲ್ಲಿ, ಮೂತ್ರಪಿಂಡದ ಸುತ್ತ, ಹೃದಯದ ಸುತ್ತ ಇರುವ ನೆಣ. ಕೊನೆಗೆ ಎಲುಬಿನೊಳಗಿನ ಮಜ್ಜೆ. ಮಜ್ಜೆಯ ಕೊಬ್ಬಿಗೆ ಕೈ ಹಾಕಿತು ಅಂದರೆ ಆ ಪ್ರಾಣಿ ಬಿತ್ತನೆ ಬೀಜ ತಿನ್ನಲು ಶುರುಮಾಡಿದ ಮನೆಯ ಹಾಗೆ. ಇಷ್ಟು ಹೊತ್ತಿಗೆ ಮಾಂಸಖಂಡವೂ ಕರಗುತ್ತಾ ಇರುತ್ತದೆ.

ಮತ್ತೆ ಮೇವು ಸಿಕ್ಕಾಗ ತುಂಬುವುದು ತಿರುವುಮುರುವು. ಮೊದಲು ಮಜ್ಜೆ, ಕೊನೆಗೆ ಚರ್ಮದಡಿ. ಆದ್ದರಿಂದ ಮಳೆ ಬಿದ್ದ ವಾರದಲ್ಲಿ ಚಿಗರಿಗಳು ಇನ್ನೂ ಬಡಕಲಾಗಿಯೇ ಕಾಣುತ್ತವೆ. ಮಿರಗದ ಮಳೆಗೆ ಹುಲ್ಲು ಚಿಗುರಿದರೂ ಆ ಎಳೆ ಚಿಗುರಿನಲ್ಲಿ ನೀರೇ ಜಾಸ್ತಿ, ಮೈಗೆ ಬರಲು ವಾರಗಳು ಬೇಕು. ಮೃಗಶಿರಾ ಅಂದರೆ ಜಿಂಕೆಯ ತಲೆ ಅಂತ ಅರ್ಥ. ಜಿಂಕೆಯ ಹೆಸರಿನ ಮಳೆಯಲ್ಲೇ ಜಿಂಕೆಗಳು ಅಷ್ಟು ಸೊರಗಿರುವುದನ್ನು ನೋಡಿ ಮೊದಮೊದಲು ನನಗೆ ತುಂಬಾ ಬೇಜಾರಾಗುತ್ತಿತ್ತು.

ದೂರದಿಂದ, ಮುಟ್ಟದೆ ಹೇಗೆ ಹೇಳುವುದು?

ಸಂತೆಯಲ್ಲಿ ಎತ್ತು ಕೊಳ್ಳುವವರನ್ನು ನೋಡಿದ್ದೀರಲ್ಲ. ಕುರಿ ಕೊಳ್ಳುವವರು ಟೊಂಕದ ಮೇಲೆ ಬೆರಳು ಒತ್ತಿ ಎಲುಬು ಎಷ್ಟು ಚುಚ್ಚುತ್ತದೆ ನೋಡುತ್ತಾರೆ. ಹಾವೇರಿ ಕಡೆ ಹೋರಿ ಸಾಕುವವರಿಗಂತೂ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಕಣ್ಣು ಸಾಕು, ಕೈ ಬದಲು ದುರ್ಬೀನು.

ನಾನು ಮೊದಲು ನೋಡುವುದು ಹಿಂಭಾಗ. ಪ್ರಾಣಿ ಓರೆಯಾಗಿ ಬೆನ್ನು ತೋರಿಸಿ ನಿಂತಾಗ ಚಪ್ಪೆ ಎಲುಬಿನಿಂದ ಬಾಲದ ಬುಡದ ತನಕ ಮೈಯ ಗೆರೆ ಉಬ್ಬಿದೆಯೋ, ಚಪ್ಪಟೆಯೋ, ಒಳಗೆ ಕುಸಿದಿದೆಯೋ ಅಂತ ನೋಡಬೇಕು. ಉಬ್ಬಿದ್ದರೆ ಚೆನ್ನಾಗಿದೆ. ಚಪ್ಪಟೆ ಆಗಿದ್ದರೆ ನಡುಮಟ್ಟ. ಬಾಲದ ಎರಡೂ ಬದಿ ಗುಳಿ ಬಿದ್ದಿದ್ದರೆ ಸೊರಗಿದೆ. ಇದು ಹಳೆಯ ಮತ್ತು ಗಟ್ಟಿ ವಿಧಾನ. ಥೇನ್ ರೈನಿ ಎಂಬ ವಿಜ್ಞಾನಿ 1960ರಲ್ಲಿ ಹಿಂಭಾಗದ ಆಕಾರ ನೋಡಿಯೇ ಕಾಡುಪ್ರಾಣಿಯ ಸ್ಥಿತಿ ಹೇಳಬಹುದು ಅಂತ ಬರೆದಿದ್ದರು.

ಆಮೇಲೆ ಬೆನ್ನೆಲುಬು. ಗಂಟುಗಂಟಾಗಿ ಕಾಣುತ್ತದೆಯೋ, ಮೈಯಲ್ಲಿ ಮುಳುಗಿದೆಯೋ? ಕೊನೆಗೆ ಪಕ್ಕೆಲುಬು. ಎಲ್ಲರೂ ಪಕ್ಕೆಲುಬಿನಿಂದ ಶುರುಮಾಡುತ್ತಾರೆ, ಅದು ತಪ್ಪು. ಚಿಗರಿಯ ಕೂದಲು ಗಿಡ್ಡ, ಮೈ ತೆಳು. ಆರೋಗ್ಯವಾಗಿರುವ ಹೆಣ್ಣಿನಲ್ಲೂ ತಿರುಗುವಾಗ ಹಿಂದಿನ ಒಂದೆರಡು ಪಕ್ಕೆಲುಬು ಕಾಣಬಹುದು. ಚಪ್ಪೆ ಎಲುಬು ಚೂಪಾಗಿ ಎದ್ದು, ಬಾಲದ ಬುಡ ಗುಳಿಬಿದ್ದು, ಪಕ್ಕೆಲುಬು ಎಣಿಸಲು ಬಂದರೆ ಆಗ ಮಾತ್ರ ‘ಸೊರಗಿದೆ’ ಅಂತ ಬರೆಯಿರಿ.

ನಾನು 1ರಿಂದ 5ರ ತನಕ ಅಂಕ ಕೊಡುತ್ತೇನೆ. 1 ಅಂದರೆ ಎಲುಬಿನ ಗೂಡು. 3 ಅಂದರೆ ಚಪ್ಪೆ ಎಲುಬು ಗುರುತು ಸಿಗುತ್ತದೆ ಆದರೆ ಚೂಪಿಲ್ಲ. 5 ಕಾಡಿನಲ್ಲಿ ಸಿಗುವುದು ಬಹಳ ಅಪರೂಪ. ತುಂಬಿದ ಮೈ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗಬೇಕಾದರೆ ಗದಗದ ಬಿಂಕದಕಟ್ಟಿ ಮೃಗಾಲಯಕ್ಕೆ ಹೋಗಿ ದಿನಾ ಮೇವು ತಿಂದು ಆರಾಮಾಗಿರುವ ಜಿಂಕೆಗಳ ಹಿಂಭಾಗವನ್ನು ಒಂದು ಗಂಟೆ ನೋಡಿ ಬನ್ನಿ.

ಫೋಟೋ ನೋಡಿ ಹೇಳಬಹುದಾ?

ಹೇಳಬಹುದು, ಆದರೆ ಬೆಳಕು ಮೋಸ ಮಾಡುತ್ತದೆ. ಸೂರ್ಯ ಕೆಳಗಿರುವಾಗ ಪಕ್ಕದಿಂದ ಬೀಳುವ ಬಿಸಿಲಿಗೆ ಪಕ್ಕೆಲುಬಿನ ನೆರಳು ಉದ್ದವಾಗಿ ಬಿದ್ದು ಒಳ್ಳೆಯ ಪ್ರಾಣಿಯೂ ಬಡಕಲಾಗಿ ಕಾಣುತ್ತದೆ. ಮಧ್ಯಾಹ್ನದ ಫೋಟೋದಲ್ಲಿ ಅದೇ ಪ್ರಾಣಿ ದುಂಡಗೆ. ಗಂಡಿನ ಕಪ್ಪು ಮೈಯಲ್ಲಿ ನೆರಳೇ ಕಾಣುವುದಿಲ್ಲ, ಅದಕ್ಕೆ ಕಪ್ಪು ಗಂಡುಗಳಿಗೆ ಜನ ಯಾವಾಗಲೂ ಅಂಕ ಜಾಸ್ತಿ ಕೊಡುತ್ತಾರೆ. ಒಂದೇ ಹೊತ್ತು, ಒಂದೇ ಕೋನ ಇಟ್ಟುಕೊಳ್ಳಿ. ಹತ್ತಿರದ ಫೋಟೋ ಬೇಕು ಅಂತ ಬೈಕಿನಲ್ಲಿ ಅಟ್ಟಿಸಿಕೊಂಡು ಹೋಗಬೇಡಿ. ಹೆದರಿ ಓಡಿದ ಚಿಗರಿಯ ಮಾಂಸಖಂಡ ಹಾಳಾಗಿ ಗಂಟೆಗಳೋ ದಿನಗಳೋ ಕಳೆದ ಮೇಲೆ ಸಾಯಬಹುದು. ನೀವು ಆಗ ಅಲ್ಲಿ ಇರುವುದಿಲ್ಲ, ನಿಮಗೆ ಗೊತ್ತೂ ಆಗುವುದಿಲ್ಲ.

ಹೊಟ್ಟೆ ತುಂಬಿ ಉಬ್ಬಿದೆ, ಅಂದರೆ ಚೆನ್ನಾಗಿದೆ ಅಲ್ವಾ?

ಅಲ್ಲ! ಹೊಟ್ಟೆ ಈ ಹೊತ್ತು ಏನು ತಿಂದಿದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಮೈ ಕಳೆದ ಎರಡು ಮೂರು ತಿಂಗಳು ಹೇಗಿತ್ತು ಅನ್ನುವುದನ್ನು ಹೇಳುತ್ತದೆ. ಒಣಗಿ ಕಡ್ಡಿಯಾದ ಹುಲ್ಲಿನಲ್ಲಿ ನಾರು ಜಾಸ್ತಿ, ಸಾರ ಕಡಿಮೆ. ಅದು ಹೊಟ್ಟೆಯಲ್ಲಿ ಬೇಗ ಕರಗುವುದೂ ಇಲ್ಲ, ಮುಂದಿನ ತುತ್ತಿಗೆ ಜಾಗ ಬಿಡುವುದೂ ಇಲ್ಲ. ಹೊಟ್ಟೆ ತುಂಬಾ ಮೇವಿಟ್ಟುಕೊಂಡೇ ಹಸಿವಿನಿಂದ ಸತ್ತ ಜಿಂಕೆಗಳನ್ನು ಚಳಿ ದೇಶಗಳಲ್ಲಿ ಎಷ್ಟೋ ಸಲ ಕಂಡಿದ್ದಾರೆ. ಹೊಟ್ಟೆಹುಳು ಜಾಸ್ತಿಯಾದರೂ ಹೊಟ್ಟೆ ಜೋತುಬಿದ್ದು ಬೆನ್ನು ಬಡಕಲಾಗುತ್ತದೆ. ತುಂಬು ಬಸುರಿಯ ಹೊಟ್ಟೆಯ ಮಾತು ಬೇರೆ, ಅದನ್ನು ಪ್ರತ್ಯೇಕ ಬರೆಯಿರಿ.

ಗಂಡು ಒಂದು ಬಹಳ ಇಳಿದುಹೋಗಿದೆ. ರೋಗವಾ?

ಬಹಳ ಸಲ ಅಲ್ಲ. ಬೆದೆಯ ಕಾಲದಲ್ಲಿ ಗಂಡು ತನ್ನ ಜಾಗ ಕಾಯುತ್ತಾ, ಬೇರೆ ಗಂಡುಗಳ ಜೊತೆ ಕಾದಾಡುತ್ತಾ ಮೇಯುವುದನ್ನೇ ಮರೆಯುತ್ತದೆ. ಕೊಬ್ಬು ಕರಗಲೇಬೇಕು. ಹಾಗಾಗಿ ಹಿಂಡಿನ ಸ್ಥಿತಿ ಅಳೆಯಲು ಗಂಡು ಒಳ್ಳೆಯ ಗುರುತಲ್ಲ. ಬೆಳೆದ ಹೆಣ್ಣುಗಳನ್ನು ನೋಡಿ. ಅದರಲ್ಲೂ ಮರಿ ಜೊತೆಗಿರುವ ಹೆಣ್ಣು, ಮರಿ ಇಲ್ಲದ ಹೆಣ್ಣು ಬೇರೆ ಬೇರೆ. ಹಾಲು ಕೊಡುವ ಹೆಣ್ಣು ತೆಳ್ಳಗಿರುವುದು ಸಹಜ, ನಮ್ಮ ಎಮ್ಮೆ ಈದ ಮೇಲೆ ಇಳಿಯುವುದಿಲ್ಲವೇ? ಮರಿಯಿಲ್ಲದ ಹೆಣ್ಣುಗಳೂ ಸಾಲಾಗಿ 2ಕ್ಕಿಂತ ಕೆಳಗೆ ಬಂದರೆ ನನಗೆ ಆ ರಾತ್ರಿ ನಿದ್ದೆ ಬರುವುದಿಲ್ಲ.

ಮೂತ್ರಪಿಂಡದ ಕೊಬ್ಬು ತೂಗುತ್ತಾರಂತೆ. ಅದು ಹೇಗೆ?

ಇದು ಸತ್ತ ಪ್ರಾಣಿಯಲ್ಲಿ, ಪಶುವೈದ್ಯರು ಶವಪರೀಕ್ಷೆ ಮಾಡುವಾಗ ಮಾತ್ರ ಆಗುವ ಕೆಲಸ. 1955ರಲ್ಲಿ ಇದೇ ರೈನಿ ನ್ಯೂಜಿಲೆಂಡಿನ ಕೆಂಪು ಜಿಂಕೆಗಳ ಮೇಲೆ ಕೆಲಸ ಮಾಡಿ ಈ ಅಳತೆಯನ್ನು ಚಾಲ್ತಿಗೆ ತಂದರು. ಮೂತ್ರಪಿಂಡದ ಎರಡೂ ತುದಿಯಲ್ಲಿ ನೇರವಾಗಿ ಕತ್ತರಿಸಿ, ಅದಕ್ಕೆ ಅಂಟಿಕೊಂಡ ಕೊಬ್ಬನ್ನಷ್ಟೇ ಉಳಿಸಿಕೊಂಡು, ಆಚೀಚೆ ಹರಡಿದ್ದನ್ನು ಬಿಡುತ್ತಾರೆ. ಆ ಕೊಬ್ಬಿನ ತೂಕವನ್ನು ಮೂತ್ರಪಿಂಡದ ತೂಕದಿಂದ ಭಾಗಿಸಿ 100ರಿಂದ ಗುಣಿಸಬೇಕು. ಮೂತ್ರಪಿಂಡ 60 ಗ್ರಾಂ, ಕೊಬ್ಬು 24 ಗ್ರಾಂ ಅಂದುಕೊಳ್ಳಿ, ಆಗ 40. ಚೆನ್ನಾಗಿ ಮೇದ ಜಿಂಕೆಯಲ್ಲಿ 100 ದಾಟುವುದೂ ಉಂಟು.

ಕತ್ತರಿಸುವ ಕೈ ಬದಲಾದರೆ ಅಂಕಿಯೂ ಬದಲಾಗುತ್ತದೆ. ಇನ್ನೊಂದು ತೊಡಕು ಅಂದರೆ ಮೂತ್ರಪಿಂಡದ ತೂಕವೇ ಋತುವಿನ ಜೊತೆ ಏರಿಳಿಯುತ್ತದೆ, ಆಗ ಕೊಬ್ಬು ಅಷ್ಟೇ ಇದ್ದರೂ ಅಂಕಿ ಬೇರೆ ಬರುತ್ತದೆ. ನಡುಮಟ್ಟದ ಪ್ರಾಣಿಗಳನ್ನು ಒಂದಕ್ಕೊಂದು ಹೋಲಿಸಲು ಇದು ಒಳ್ಳೆಯದು. ತುಂಬಾ ಸೊರಗಿದ್ದರಲ್ಲಿ ಇಲ್ಲಿ ಕೊಬ್ಬೇ ಇರುವುದಿಲ್ಲ, ಅಲ್ಲಿಂದ ಮುಂದೆ ಮಜ್ಜೆಯೇ ಹೇಳಬೇಕು.

ಮಜ್ಜೆ ನೋಡಿ ಹಸಿವಿನಿಂದ ಸತ್ತಿತು ಅಂತ ಹೇಳಬಹುದಾ?

ತೊಡೆ ಎಲುಬು ಒಡೆದಾಗ ಮಜ್ಜೆ ಬೆಳ್ಳಗೆ, ಗಟ್ಟಿ ತುಪ್ಪದ ಹಾಗೆ ಇದ್ದರೆ ಕೊಬ್ಬು ಇದೆ. ಕೆಂಪಗೆ, ನೀರು ನೀರಾಗಿ ಲೋಳೆಯ ಹಾಗೆ ಜಾರಿದರೆ ಕೊಬ್ಬು ಮುಗಿದಿದೆ. ಬಣ್ಣಕ್ಕಿಂತ ತೂಕ ವಾಸಿ. ಅಲಾಸ್ಕಾದ ಕ್ಯಾರಿಬೂ ಎಂಬ ಹಿಮಸೀಮೆಯ ಜಿಂಕೆಗಳ ಮೇಲೆ 1970ರಲ್ಲಿ ಬಂದ ವಿಧಾನ ಬಹಳ ಸರಳ: ಹಸಿ ಮಜ್ಜೆ ತೂಗಿ, ಒಲೆಯಲ್ಲಿ ಹದವಾದ ಶಾಖದಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ, ಮತ್ತೆ ತೂಗುವುದು. 10 ಗ್ರಾಂ ಒಣಗಿ 9 ಗ್ರಾಂ ಉಳಿದರೆ ಬಹುಪಾಲು ಕೊಬ್ಬೇ. 2 ಗ್ರಾಂ ಉಳಿದರೆ ಅಲ್ಲಿ ಇದ್ದದ್ದೆಲ್ಲ ನೀರು.

ಇಲ್ಲಿ ಜನ ತಲೆಕೆಳಗು ಮಾಡಿಕೊಳ್ಳುವ ಮಾತೊಂದಿದೆ. ಮಜ್ಜೆ ಖಾಲಿ ಇದ್ದರೆ ಪ್ರಾಣಿ ತೀರಾ ಸೊರಗಿತ್ತು ಅನ್ನುವುದು ಖಂಡಿತ. ಮಜ್ಜೆ ತುಂಬಿದ್ದರೆ ಪ್ರಾಣಿ ಚೆನ್ನಾಗಿತ್ತು ಅನ್ನುವುದು ಖಂಡಿತ ಅಲ್ಲ. ಕಣಜ, ಹಗೇವು ಎಲ್ಲ ಖಾಲಿಯಾಗಿದ್ದು ಬೀಜದ ಗಂಟು ಮಾತ್ರ ಉಳಿದಿರಬಹುದು. ಅಂಥದ್ದನ್ನು ನೋಡಿ ‘ಮಜ್ಜೆ ಬಿಳಿ ಇದೆ, ಮೇವಿನ ಕೊರತೆ ಇಲ್ಲ’ ಅಂತ ವರದಿ ಬರೆದರೆ ಅನ್ಯಾಯ. ಇನ್ನು ಮರಿಗಳಲ್ಲಿ ಮಜ್ಜೆ ರಕ್ತ ಮಾಡುವ ಕೆಲಸದಲ್ಲಿರುವುದರಿಂದ ಸಹಜವಾಗಿಯೇ ಕೆಂಪಗಿರುತ್ತದೆ. ಬಿಸಿಲಿಗೆ ಬಿದ್ದ ಹಳೆಯ ಹೆಣದಲ್ಲಿ ನೀರು ಆರಿಹೋಗಿ ಕೊಬ್ಬು ಜಾಸ್ತಿ ಇದ್ದಂತೆ ಲೆಕ್ಕ ಬರುತ್ತದೆ.

ರಸ್ತೆಯಲ್ಲಿ ಸತ್ತ ಚಿಗರಿ ಸಿಕ್ಕರೆ ನಾನೇ ಎಲುಬು ತೆಗೆದು ನೋಡಬಹುದಾ?

ಬೇಡ. ದಯವಿಟ್ಟು ಮುಟ್ಟಬೇಡಿ. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಸತ್ತ ಪ್ರಾಣಿಯೂ ಸರ್ಕಾರದ ಆಸ್ತಿ. ಕೋಡು, ಚರ್ಮ, ಎಲುಬು ಯಾವುದನ್ನೂ ಮನೆಗೆ ತರುವಂತಿಲ್ಲ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ ಜಾಗ ಹೇಳಿ. ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ ದಾಟುವ 48ನೇ ಹೆದ್ದಾರಿಯಲ್ಲಾದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ಕೊಟ್ಟರೆ ಅವರಿಗೆ ಬೇಗ ಸಿಗುತ್ತದೆ. ಶವಪರೀಕ್ಷೆಗೆ ಬಂದ ಪಶುವೈದ್ಯರಲ್ಲಿ ಮೂತ್ರಪಿಂಡದ ಕೊಬ್ಬು ಮತ್ತು ಮಜ್ಜೆಯ ಬಗ್ಗೆ ಒಂದು ಸಾಲು ಬರೆಯಿರಿ ಅಂತ ಕೇಳಿಕೊಳ್ಳಬಹುದು. ವಾಹನ ಬಡಿದು ಸತ್ತದ್ದು ರೋಗದಿಂದ ಸತ್ತದ್ದಲ್ಲ, ಅದು ಹಿಂಡಿನ ಸಾಮಾನ್ಯ ಸ್ಥಿತಿಗೆ ಹತ್ತಿರ ಇರುತ್ತದೆ. ಬೇಟೆಗೆ ಅವಕಾಶವಿರುವ ದೇಶಗಳಲ್ಲಿ ಬೇಟೆಗಾರರು ತರುವ ಪ್ರಾಣಿಗಳಿಂದ ಈ ಲೆಕ್ಕ ಸಿಗುತ್ತದೆ. ನಮಗೆ ಸಿಗುವುದು ಹೀಗೆ ಸತ್ತವು ಮಾತ್ರ, ಅವುಗಳ ಮಾಹಿತಿಯನ್ನೂ ಸುಮ್ನೆ ಹೂತುಬಿಟ್ಟರೆ ಹೇಗೆ?

ಹಿಕ್ಕೆಯಿಂದ ಏನಾದರೂ ತಿಳಿಯುತ್ತದಾ?

ತಿಳಿಯುತ್ತದೆ. ಹಿಕ್ಕೆಯಲ್ಲಿರುವ ಸಾರಜನಕ ಅಳೆದರೆ ತಿಂದ ಮೇವಿನ ಗುಣ ಅಂದಾಜಾಗುತ್ತದೆ. ಆದರೆ ಒಗರು ಜಾಸ್ತಿ ಇರುವ ಸೊಪ್ಪು ತಿಂದಾಗ ಅಂಕಿ ಸುಳ್ಳೇ ಏರುತ್ತದೆ. ಜಾಗ ಕಾಯುವ ಗಂಡು ಒಂದೇ ಕಡೆ ಗುಡ್ಡೆ ಹಾಕುತ್ತದೆ, ಅಲ್ಲಿಂದಲೇ ಎಲ್ಲ ತಂದರೆ ನೀವು ಅಳೆದದ್ದು ಒಂದೇ ಗಂಡಿನ ಊಟ.

ಹೊರದೇಶದಲ್ಲಿ ಸ್ಕ್ಯಾನಿಂಗ್ ಮಾಡುತ್ತಾರಂತಲ್ಲ?

ಹೌದು, ಬಸುರಿಯರಿಗೆ ಮಾಡುವಂಥದ್ದೇ ಯಂತ್ರ. ಚಪ್ಪೆಯ ಮೇಲೆ ಇಟ್ಟು ಚರ್ಮದಡಿಯ ಕೊಬ್ಬಿನ ದಪ್ಪ ಅಳೆಯುತ್ತಾರೆ. ಅದಕ್ಕೆ ಪ್ರಾಣಿಯನ್ನು ಹಿಡಿಯಬೇಕು. ಚಿಗರಿಯಂಥ ಅಂಜುಬುರುಕ ಪ್ರಾಣಿಯನ್ನು ಬರೀ ಅಳತೆಗಾಗಿ ಹಿಡಿಯುವುದು ನನಗೆ ಒಪ್ಪಿಗೆ ಇಲ್ಲ.

ನಮ್ಮ ಬೆಳೆಯನ್ನೆಲ್ಲ ತಿನ್ನುತ್ತವೆ. ಇನ್ನು ಸೊರಗುವುದು ಎಲ್ಲಿಂದ?

ಈ ಪ್ರಶ್ನೆ ಕೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಮ್ಮ ಹೊಲದಲ್ಲೂ ಎರಡೆಲೆ ಬಂದ ಹೆಸರು, ಶೇಂಗಾ ಒಂದೇ ರಾತ್ರಿಗೆ ಹೋಗಿದೆ, ನನ್ನ ಅವ್ವ ಬದುವಿನ ಮೇಲೆ ಕೂತು ಅತ್ತಿದ್ದಾಳೆ. ಆದರೆ ವರ್ಷದ ಲೆಕ್ಕ ಹಾಕಿ ನೋಡಿ. ಮುಂಗಾರು, ಹಿಂಗಾರು ಬೆಳೆ ಇರುವಾಗ ಅವಕ್ಕೆ ತಿನ್ನಲು ಇದೆ. ಕಡಲೆ, ಜೋಳ, ಕುಸುಬಿ ಕಿತ್ತ ಮೇಲೆ ಮಾರ್ಚ್‌ನಿಂದ ಮಿರಗದ ತನಕ ಎರೆ ಹೊಲ ಬಿರುಕುಬಿಟ್ಟು ಬರಿದಾಗಿರುತ್ತದೆ, ಅಭಯಾರಣ್ಯದ ಹುಲ್ಲೂ ಒಣಗಿರುತ್ತದೆ. ಮೈ ಇಳಿಯುವುದು ಆಗಲೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು, ಅಂಥ ವರ್ಷ ರೈತನಿಗೂ ಚಿಗರಿಗೂ ಕಷ್ಟ ಒಟ್ಟಿಗೇ ಬರುತ್ತದೆ. ಒಳಗೆ ಹುಲ್ಲು ಬೆಳೆಸಿದರೆ ಹೊರಗೆ ಬೆಳೆ ಉಳಿಯುವ ಸಾಧ್ಯತೆ ಜಾಸ್ತಿ. ಬೆಳೆಹಾನಿಗೆ ಪರಿಹಾರದ ಅರ್ಜಿ ಹಾಕುವುದನ್ನೂ ಬಿಡಬೇಡಿ, ಅದು ನಿಮ್ಮ ಹಕ್ಕು.

ಬೇಸಿಗೆಯಲ್ಲಿ ನಾವೇ ಕಾಳು, ರೊಟ್ಟಿ, ಅಕ್ಕಿ ಹಾಕಿದರೆ ಪುಣ್ಯ ಅಲ್ವಾ?

ಮನಸ್ಸು ಒಳ್ಳೆಯದು, ಕೆಲಸ ಕೆಟ್ಟದ್ದು. ಒಣಹುಲ್ಲಿಗೆ ಒಗ್ಗಿಕೊಂಡ ಹೊಟ್ಟೆಗೆ ಒಮ್ಮೆಲೆ ಕಾಳು ಬಿದ್ದರೆ ಒಳಗೆ ಹುಳಿಯೇರಿ ಪ್ರಾಣಿ ಸತ್ತೇ ಹೋಗಬಹುದು. ಆಕಳು ಹಿಟ್ಟಿನ ಚೀಲಕ್ಕೆ ಬಾಯಿ ಹಾಕಿ ಹೊಟ್ಟೆಯುಬ್ಬರಿಸಿ ಬಿದ್ದದ್ದನ್ನು ಹಳ್ಳಿಯಲ್ಲಿ ನೋಡದವರು ಯಾರು? ಜೊತೆಗೆ ಒಂದೇ ಕಡೆ ಹಿಂಡು ಸೇರಿದರೆ ರೋಗ ಹರಡುತ್ತದೆ, ನಾಯಿಗಳಿಗೂ ಗುರುತು ಸಿಗುತ್ತದೆ. ಗುಜರಾತಿನ ವೇಳಾವದರ್‌ನಲ್ಲಿ ಚಿಗರಿಗಳು ಬೇಸಿಗೆಯಲ್ಲಿ ಬಳ್ಳಾರಿ ಜಾಲಿಯ ಕಾಯಿ ತಿಂದು ದಿನ ದೂಡುತ್ತವೆ. ಅವು ದಾರಿ ಹುಡುಕಿಕೊಳ್ಳುತ್ತವೆ, ನಮ್ಮಿಂದ ಬೇಕಾದದ್ದು ಬಯಲು ಮತ್ತು ನೀರು.

ನಾನೂ ಬರೆದಿಡಬೇಕು. ಎಲ್ಲಿಂದ ಶುರುಮಾಡಲಿ?

ಒಂದು ಜಾಗ ಆರಿಸಿಕೊಳ್ಳಿ. ನಮ್ಮ ಅಭಯಾರಣ್ಯದ ಹುಣಸಿಕಟ್ಟಿ ಕಡೆ ಆಗಬಹುದು, ಗದಗದವರಾದರೆ ಕಪ್ಪತಗುಡ್ಡದ ಸುತ್ತಲಿನ ಹುಲ್ಲುಗಾವಲು ಆಗಬಹುದು. ತಿಂಗಳಿಗೆ ಒಂದು ಸಲ ಸಾಕು, ಆದರೆ ತಪ್ಪಿಸಬೇಡಿ. ಒಂದೇ ಪ್ರಾಣಿ ನೋಡಿ ತೀರ್ಪು ಕೊಡದೆ, ಒಂದು ಸಲಕ್ಕೆ ಇಪ್ಪತ್ತಾದರೂ ಬೆಳೆದ ಹೆಣ್ಣುಗಳಿಗೆ ಅಂಕ ಬರೆಯಿರಿ. ಇಬ್ಬರು ಹೋದರೆ ಒಬ್ಬರಿಗೊಬ್ಬರು ತೋರಿಸದೆ ಬರೆದು ಆಮೇಲೆ ಹೋಲಿಸಿ, ಮೊದಲ ದಿನ ಅರ್ಧದಷ್ಟೂ ಹೊಂದುವುದಿಲ್ಲ, ಮೂರು ತಿಂಗಳಿಗೆ ಕಣ್ಣು ಕೂಡಿಕೊಳ್ಳುತ್ತದೆ. ದಿನಾಂಕ, ಹೊತ್ತು, ಕೊನೆಯ ಮಳೆ ಯಾವಾಗ, ಹೊಲದಲ್ಲಿ ಏನು ಬೆಳೆ ಇತ್ತು, ಜೊತೆಗೆ ಎಷ್ಟು ಮರಿ ಇದ್ದವು ಅನ್ನುವುದೂ ಇರಲಿ. ಒಂದೇ ತಿಂಗಳಲ್ಲಿ ಐದಾರು ಹೆಣ್ಣುಗಳು 1ಕ್ಕೆ ಇಳಿದದ್ದು ಕಂಡರೆ ಫೋಟೋ, ಜಾಗ, ದಿನಾಂಕ ಸಮೇತ ವಲಯ ಅರಣ್ಯ ಕಚೇರಿಗೆ ಬರವಣಿಗೆಯಲ್ಲಿ ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಂಡು ಬನ್ನಿ.